ದೀಪ ಆರಿಸಿ ಜೀಪು ಮಾರಿದವರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ಜೀಪಿನ ಹಣ ವಾಪಸ್ಸು ಕೇಳಲು ಈ ಪತ್ರ ಬರೆಯುತ್ತಿಲ್ಲ. ಹಳೆ ಗಾಡಿ ಕೊಂಡ ಮೇಲೆ ಖರ್ಚು ಇದ್ದದ್ದೇ, ಆ ಲೆಕ್ಕ ನನ್ನದು. ಬರೆಯುತ್ತಿರುವುದು ಒಂದು ತಂತಿಯ ಬಗ್ಗೆ. ಎಂಜಿನ್ನಿನ ಆಯಿಲ್ ಪ್ರೆಶರ್ ಸ್ವಿಚ್ಚಿನಿಂದ ಡ್ಯಾಶ್‌ಬೋರ್ಡಿನ ಕೆಂಪು ದೀಪಕ್ಕೆ ಬರಬೇಕಾದ ತಂತಿ ಅದು. ಅದನ್ನು ಕತ್ತರಿಸಿ, ತುದಿಗೆ ಕಪ್ಪು ಟೇಪು ಸುತ್ತಿ, ಒಳಗೆ ಮಡಚಿ ಇಟ್ಟಿದ್ದರು. ಕೆಂಪು ದೀಪಕ್ಕೆ ಚಾರ್ಜಿಂಗ್ ದೀಪದ ತಂತಿಯಿಂದ ಒಂದು ಕವಲು ಎಳೆದಿದ್ದರು. ಕೀ ತಿರುಗಿಸಿದರೆ ಎರಡೂ ದೀಪ ಹತ್ತುತ್ತವೆ, ಎಂಜಿನ್ ಸ್ಟಾರ್ಟ್ ಆದರೆ ಎರಡೂ ಆರುತ್ತವೆ. ಕೊಳ್ಳಲು ಬಂದವನ ಕಣ್ಣಿಗೆ ಎಲ್ಲ ಸರಿಯಾಗಿದೆ. ಒಳಗೆ ಆಯಿಲ್ ಪ್ರೆಶರ್ ಇದೆಯೋ ಇಲ್ಲವೋ ಎಂಬುದಕ್ಕೂ ಆ ದೀಪಕ್ಕೂ ಸಂಬಂಧವೇ ಉಳಿದಿರಲಿಲ್ಲ.

ಇದು ಹೊರಬಿದ್ದದ್ದು ಫ್ಯಾನ್ ಬೆಲ್ಟಿನಿಂದ. ಕೊಪ್ಪದ ಹತ್ತಿರ ಏರಿನಲ್ಲಿ ಬೆಲ್ಟ್ ತುಂಡಾದಾಗ ಚಾರ್ಜಿಂಗ್ ದೀಪದ ಜೊತೆಗೆ ಆಯಿಲ್ ದೀಪವೂ ಹತ್ತಿತು. ಗಾಡಿ ನಿಲ್ಲಿಸಿ ಮೇಸ್ತ್ರಿಯನ್ನು ಕರೆಸಿದೆ. ಅವರು ಹೊಸ ಬೆಲ್ಟ್ ಹಾಕಿದರು, ಎರಡೂ ದೀಪ ಆರಿದವು. ಬೇರೆ ಯಾರಾದರೂ ಆಗಿದ್ದರೆ ಅಷ್ಟಕ್ಕೇ ಸಾಮಾನು ಕಟ್ಟಿಕೊಂಡು ಹೊರಡುತ್ತಿದ್ದರು. ಇವರು ಮಾತ್ರ ಬಾನೆಟ್ ಮುಚ್ಚದೆ ನಿಂತುಬಿಟ್ಟರು. "ಬೆಲ್ಟ್ ಹೋದ್ರೆ ಚಾರ್ಜಿಂಗ್ ದೀಪ ಹತ್ತೂದು ಸರಿ ಮಾರಾಯ್ರೆ, ಆಯಿಲಿಂದು ಯಾಕೆ ಹತ್ತಿತು? ಆಯಿಲ್ ಪಂಪಿಗೂ ಈ ಬೆಲ್ಟಿಗೂ ಏನು ಸಂಬಂಧ?" ಎಂದರು. ಎಂಜಿನ್ ಬಂದ್ ಮಾಡಿ, ಕೀ ಮಾತ್ರ ಆನ್ ಇಟ್ಟು, ಸ್ವಿಚ್ಚಿನಿಂದ ತಂತಿ ಕಳಚಿದರು. ದೀಪ ಆರಬೇಕಿತ್ತು. ಉರಿಯುತ್ತಲೇ ಇತ್ತು. ಆಮೇಲೆ ಡ್ಯಾಶ್‌ಬೋರ್ಡ್ ಬಿಚ್ಚಿದ್ದು, ಟೇಪು ಸುತ್ತಿದ ತುದಿ ಸಿಕ್ಕಿದ್ದು.

ಫೋನ್ ಮಾಡಿದಾಗ ನೀವು ಅಡಗಿಸಲಿಲ್ಲ, ಅದನ್ನು ನಾನು ಒಪ್ಪುತ್ತೇನೆ. "ಹಳೆ ಎಂಜಿನ್ನು, ಬಿಸಿ ಆದ ಮೇಲೆ ಐಡ್ಲಿಂಗಲ್ಲಿ ಆ ದೀಪ ಮಿಣುಕೋದು ಮಾಮೂಲಿ. ಸುಮ್ನೆ ಕಿರಿಕಿರಿ ಅಂತ ತೆಗೆಸಿದೆ. ದಪ್ಪ ಆಯಿಲ್ ಹಾಕಿದ್ದೆ, ಏನೂ ಆಗಲ್ಲ" ಎಂದಿರಿ. ನಿಮ್ಮ ದನಿಯಲ್ಲಿ ಮೋಸ ಇರಲಿಲ್ಲ. ನಿಮಗೆ ಅದು ನಿಜವಾಗಿಯೂ ಮಾಮೂಲಿ ಅನ್ನಿಸಿತ್ತು. ನಿಮಗೊಬ್ಬರಿಗೇ ಬರೆದು ಅಂಚೆಗೆ ಹಾಕಬಹುದಾಗಿದ್ದ ಕಾಗದವನ್ನು ಎಲ್ಲರೂ ಓದಲಿ ಎಂದು ಬರೆಯಲು ಆ ಮಾತೇ ಕಾರಣ. ಮಲೆನಾಡಿನಲ್ಲಿ ಹಳೆ ಜೀಪು, ಹಳೆ ಪಿಕಪ್ಪು, ಹಳೆ ಟೆಂಪೊ ಇಟ್ಟುಕೊಂಡ ಎಷ್ಟೋ ಜನ ಇದೇ ಮಾತು ಆಡುವುದನ್ನು ನಾನು ಕೇಳಿದ್ದೇನೆ. ಇಂಥ ತಂತಿಯನ್ನು ಬೇರೆ ಗಾಡಿಗಳಲ್ಲೂ ಕಂಡಿದ್ದೇನೆ ಎಂದು ಮೇಸ್ತ್ರಿ ಹೇಳುತ್ತಾರೆ. ದೀಪ ಮಿಣುಕುವುದು ಮಾಮೂಲಿ ಎಂಬ ಮಾತು ತಪ್ಪು. ಎಷ್ಟು ತಪ್ಪು ಎಂಬುದನ್ನು ಎಂಜಿನ್ನೇ ಬಿಚ್ಚಿ ತೋರಿಸಿತು.

ಆಯಿಲ್ ಪ್ರೆಶರ್ ಎಂಬುದು ಪಂಪು ತಯಾರಿಸಿ ಕೊಡುವ ವಸ್ತು ಎಂದು ನಾವೆಲ್ಲ ತಿಳಿದಿರುತ್ತೇವೆ. ಆದರೆ ಪಂಪು ಮಾಡುವುದು ಇಷ್ಟೇ: ಎಂಜಿನ್ನಿನ ತಳದ ಚೇಂಬರಿನಿಂದ ಆಯಿಲ್ ಎತ್ತಿ, ಒಂದು ಸುತ್ತಿಗೆ ಇಂತಿಷ್ಟು ಎಂದು ಮುಂದಕ್ಕೆ ನೂಕುತ್ತದೆ. ಆ ಆಯಿಲ್ ಹೊರಬೀಳುವ ದಾರಿ ಎಷ್ಟು ಇಕ್ಕಟ್ಟೋ ಅದರ ಮೇಲೆ ಒತ್ತಡ ಏಳುತ್ತದೆ. ತೋಟಕ್ಕೆ ನೀರು ಬಿಡುವ ನಮಗೆ ಇದು ಹೊಸದಲ್ಲ. ಹಳ್ಳದ ಪಂಪು ಅದೇ, ಪೈಪು ಅದೇ, ಆದರೆ ಸ್ಪ್ರಿಂಕ್ಲರ್ ಜೆಟ್ಟುಗಳು ಸವೆದು ಅಗಲವಾದರೆ ಕೊನೆಯ ಸಾಲಿನ ನೀರು ಅಡಿಕೆ ಬುಡ ಮುಟ್ಟುವುದಿಲ್ಲ. ಎಂಜಿನ್ನಿನಲ್ಲಿ ಆ ಜೆಟ್ಟುಗಳ ಜಾಗದಲ್ಲಿರುವುದು ಬೇರಿಂಗುಗಳು: ಕ್ರ್ಯಾಂಕನ್ನು ಹಿಡಿದಿರುವ ಮೈನ್ ಬೇರಿಂಗು, ಕನೆಕ್ಟಿಂಗ್ ರಾಡಿನ ಬಿಗ್ ಎಂಡ್, ಎಲ್ಲರೂ ಮರೆಯುವ ಕ್ಯಾಮ್‌ಶಾಫ್ಟಿನ ಬುಷ್.

ಈ ಬೇರಿಂಗಿಗೂ ಕ್ರ್ಯಾಂಕಿಗೂ ನಡುವೆ ಇರುವ ಸಂದು ಹೊಸ ಎಂಜಿನ್ನಿನಲ್ಲಿ ಸುಮಾರು 0.05 ಮಿಲಿಮೀಟರ್, ತಲೆಗೂದಲಿನಷ್ಟು. ಅದು ಸವೆದು 0.10 ಆಯಿತು ಎನ್ನಿ. ದುಪ್ಪಟ್ಟಾಯಿತಲ್ಲ, ಸೋರುವ ಆಯಿಲೂ ದುಪ್ಪಟ್ಟಾಗಿರಬೇಕು ಎಂದು ನಮ್ಮ ಲೆಕ್ಕ. ಹಾಗಾಗುವುದಿಲ್ಲ. ಕಿರಿದಾದ ಸಂದಿಯಲ್ಲಿ ಹರಿವು ಸಂದಿನ ಅಳತೆಯ ಘನಕ್ಕೆ ತಕ್ಕಂತೆ ಏರುತ್ತದೆ. ಅಂದರೆ ಸಂದು ಎರಡು ಪಟ್ಟಾದರೆ ಅದೇ ಒತ್ತಡದಲ್ಲಿ ಸೋರಿಕೆ ಎಂಟು ಪಟ್ಟು. ಹಳೆ ಎಂಜಿನ್ನು ವರ್ಷಗಟ್ಟಲೆ ಚೆನ್ನಾಗಿಯೇ ಓಡಿ, ಆಮೇಲೆ ಒಂದೇ ಮಳೆಗಾಲದಲ್ಲಿ ಕೈಕೊಟ್ಟಂತೆ ಕಾಣುವುದು ಇದರಿಂದಲೇ. ಮೊದಲೆಲ್ಲ ಪಂಪಿನಲ್ಲಿ ಮಿಗತೆ ಇರುತ್ತದೆ. ಹೆಚ್ಚಾದ ಆಯಿಲನ್ನು ರಿಲೀಫ್ ವಾಲ್ವ್ ಚೇಂಬರಿಗೆ ವಾಪಸ್ಸು ಬಿಡುತ್ತಿರುತ್ತದೆ. ಸವೆತ ಆ ಮಿಗತೆಯನ್ನೆಲ್ಲ ತಿಂದು ಮುಗಿಸಿದ ಮೇಲೆ ಗೇಜಿನ ಮುಳ್ಳು ಬೀಳತೊಡಗುತ್ತದೆ.

ಅಷ್ಟು ತೆಳುವಾದ ಆಯಿಲ್ ಪದರ ಅಷ್ಟು ಭಾರ ಹೇಗೆ ಹೊರುತ್ತದೆ ಎಂದು ನನಗೆ ಬಹಳ ಕಾಲ ಕುತೂಹಲ ಇತ್ತು. ಇದರ ಉತ್ತರ ಹೊರಬಂದದ್ದೂ ಒಂದು ತೂತನ್ನು ಮುಚ್ಚಲು ಹೋಗಿ. ಇಂಗ್ಲೆಂಡಿನಲ್ಲಿ ಬೀಚಮ್ ಟವರ್ ಎಂಬ ಎಂಜಿನಿಯರು ರೈಲುಗಾಲಿಗಳ ಬೇರಿಂಗಿನ ಘರ್ಷಣೆಯನ್ನು ಅಳೆಯುತ್ತಿದ್ದರು. ಅದರ ಮೊದಲ ವರದಿ ಬಂದದ್ದು 1883ರಲ್ಲಿ. ಭಾರ ಹೊತ್ತ ಬೇರಿಂಗಿನ ನೆತ್ತಿಗೆ ಆಯಿಲ್ ಬಿಡಲೆಂದು ಅವರು ಒಂದು ತೂತು ಕೊರೆದರು. ಯಂತ್ರ ತಿರುಗಿಸಿದಾಗ ಆಯಿಲ್ ಒಳಗೆ ಇಳಿಯುವ ಬದಲು ಆ ತೂತಿನಿಂದ ಮೇಲಕ್ಕೆ ಉಕ್ಕಿತು. ಕಾರ್ಕ್ ಬಡಿದು ಮುಚ್ಚಿದರು, ಹೊರಗೆ ಬಂತು. ಮರದ ಬೆಣೆ ಹೊಡೆದರು, ಅದೂ ಹೊರಗೆ ಬಂತು. ಟವರ್ ಆಗ ಆ ತೂತಿಗೆ ಒಂದು ಪ್ರೆಶರ್ ಗೇಜ್ ಜೋಡಿಸಿದರು. ಮುಳ್ಳು ಚದರ ಇಂಚಿಗೆ 200 ಪೌಂಡ್ ದಾಟಿಹೋಯಿತು. ಬೇರಿಂಗಿನ ಮೇಲೆ ಸರಾಸರಿ ಇದ್ದ ಭಾರ ಅದರ ಅರ್ಧದಷ್ಟು. ತಿರುಗುವ ಶಾಫ್ಟು ಆಯಿಲನ್ನು ತನ್ನ ಜೊತೆ ಎಳೆದುಕೊಂಡು ಬಂದು ಇಕ್ಕಟ್ಟಿಗೆ ತುರುಕಿ, ತನ್ನನ್ನು ತಾನೇ ಎತ್ತಿ ಹಿಡಿದುಕೊಳ್ಳುತ್ತದೆ ಎಂದು ಆಸ್ಬಾರ್ನ್ ರೆನಾಲ್ಡ್ಸ್ 1886ರಲ್ಲಿ ಗಣಿತದ ಮೂಲಕ ತೋರಿಸಿದರು. ಇಂಥ ಎಂಜಿನ್ ಬೇರಿಂಗುಗಳ ವಿನ್ಯಾಸ ಇಂದಿಗೂ ಅವರ ಸಮೀಕರಣದ ಮೇಲೆ ನಿಂತಿದೆ.

ಟವರ್ ಅವರ ವಿಷಯ ಎತ್ತಿದ್ದಕ್ಕೆ ಕಾರಣವಿದೆ. ಬೆಣೆಯನ್ನು ಇನ್ನೂ ಗಟ್ಟಿಯಾಗಿ ಬಡಿಯಬಹುದಿತ್ತು, ಅಥವಾ ತೂತಿಗೆ ಸೀಸ ಕಾಯಿಸಿ ಹೊಯ್ದು ಕೆಲಸ ಮುಂದುವರಿಸಬಹುದಿತ್ತು. ಬೇರಿಂಗು ಏನೋ ಹೇಳುತ್ತಿದೆ ಎಂದು ತಿಳಿದು ಅವರು ಅಲ್ಲಿ ಗೇಜ್ ಇಟ್ಟರು. ನಿಮ್ಮ ಜೀಪಿನ ಕೆಂಪು ದೀಪವೂ ಏನೋ ಹೇಳುತ್ತಿತ್ತು. ಅದರ ತಂತಿ ಕತ್ತರಿಸುವ ಹೊತ್ತಿನಲ್ಲೇ ಅದೇ ಸ್ವಿಚ್ಚಿನ ತೂತಿಗೆ ಗೇಜ್ ಹಾಕಿ ನೋಡಬಹುದಿತ್ತು. ಎರಡೂ ಹೆಚ್ಚುಕಡಿಮೆ ಅಷ್ಟೇ ಹೊತ್ತಿನ ಕೆಲಸ.

ಬೇರಿಂಗು ತನ್ನನ್ನು ತಾನೇ ಎತ್ತಿಕೊಳ್ಳುವುದಾದರೆ ಪಂಪಿನ ಒತ್ತಡ ಏಕೆ ಬೇಕು ಎಂದು ನೀವು ಕೇಳಬಹುದು. ಎಳೆದುಕೊಳ್ಳಲು ಆಯಿಲ್ ಅಲ್ಲಿ ಇರಬೇಕಲ್ಲ. ಪಂಪು ಅದನ್ನು ಪೂರೈಸುತ್ತದೆ, ಹರಿಯುವ ಆ ಆಯಿಲ್ ಬೇರಿಂಗಿನ ಕಾವನ್ನೂ ಹೊತ್ತೊಯ್ಯುತ್ತದೆ. ಪೂರೈಕೆ ನಿಂತರೆ ಪದರ ಒಡೆಯುತ್ತದೆ, ಲೋಹ ಲೋಹವನ್ನು ಮುಟ್ಟುತ್ತದೆ. ಇನ್ನೊಂದು ವಿಷಯ ಹಳೆ ಗಾಡಿ ಇಟ್ಟುಕೊಂಡ ಬಹಳ ಜನಕ್ಕೆ ಗೊತ್ತಿಲ್ಲ. ಆ ಕೆಂಪು ದೀಪ ಸಾಮಾನ್ಯವಾಗಿ ಒತ್ತಡ 4ರಿಂದ 7 ಪೌಂಡಿನ ಒಳಗೆ ಇಳಿದಾಗ ಮಾತ್ರ ಹತ್ತುತ್ತದೆ. ಬಿಸಿ ಎಂಜಿನ್ನಿಗೆ ಸಾವಿರ ಆರ್‌ಪಿಎಂಗೆ 10 ಪೌಂಡ್ ಇರಲಿ ಎಂಬುದು ಗ್ಯಾರೇಜುಗಳ ಹಳೆಯ ಅಂದಾಜು. ಖಚಿತ ಲೆಕ್ಕಕ್ಕೆ ಆಯಾ ಎಂಜಿನ್ನಿನ ಪುಸ್ತಕ ನೋಡಬೇಕು. ಆ ಅಂದಾಜಿನಂತೆ 2500 ಆರ್‌ಪಿಎಂಗೆ 25 ಪೌಂಡ್ ಬೇಕಾದ ಎಂಜಿನ್ನು 12 ಪೌಂಡಿನಲ್ಲಿ ಓಡುತ್ತಿದ್ದರೂ ದೀಪ ಆರಿಯೇ ಇರುತ್ತದೆ. ದೀಪ ಹೇಳುವುದು ಕಟ್ಟಕಡೆಯ ಮಾತು. ಅದು ಮಿಣುಕತೊಡಗಿದೆ ಎಂದರೆ ಅದಕ್ಕೆ ಮೊದಲಿನ ಎಲ್ಲ ಹಂತ ದಾಟಿ ಬಂದಿದೆ. ಆ ಕೊನೆಯ ಮಾತನ್ನು ನೀವು ಕಿರಿಕಿರಿ ಎಂದಿರಿ.

ಹಾಗಂತ ದೀಪ ಮಿಣುಕಿದ ಕೂಡಲೇ ಎಂಜಿನ್ ಇಳಿಸಬೇಕೆಂದು ನಾನು ಹೇಳುವುದಿಲ್ಲ. ನಮ್ಮ ಕಡೆಯ ಇನ್ನೊಂದು ಅತಿ ಅದು. ದೀಪ ಹತ್ತಿತು ಎಂದ ತಕ್ಷಣ "ಬೇರಿಂಗ್ ಹೋಯ್ತು, ಎಂಜಿನ್ ಕೆಲಸ" ಎಂದು ದೊಡ್ಡ ಮೊತ್ತ ಬರೆಯುವ ಗ್ಯಾರೇಜುಗಳೂ ಇವೆ. ಆ ಹೆದರಿಕೆಯಿಂದಲೇ ಎಷ್ಟೋ ಮಾಲೀಕರು ತಂತಿ ಕತ್ತರಿಸುತ್ತಾರೆ ಎಂದು ನನಗೆ ಈಗ ಅನ್ನಿಸುತ್ತದೆ. ನೀವೂ ಹೆದರಿರಬಹುದು. ಆದರೆ ಕಡಿಮೆ ಪ್ರೆಶರಿಗೆ ಕಾರಣಗಳು ಹಲವು, ಅವುಗಳಲ್ಲಿ ಅರ್ಧಕ್ಕರ್ಧ ಅಗ್ಗದವು. ಅಗ್ಗದ್ದನ್ನು ಮೊದಲು ನೋಡಿ, ದುಬಾರಿಯದ್ದಕ್ಕೆ ಕೊನೆಗೆ ಕೈಹಾಕುವುದು ಒಳ್ಳೆಯ ಮೇಸ್ತ್ರಿಯ ಲಕ್ಷಣ. ನಮ್ಮ ಮೇಸ್ತ್ರಿ ಅಂದು ಹೇಳಿದ್ದೂ ಅದನ್ನೇ: "ಬಿಚ್ಚೂದು ಇದ್ದೇ ಉಂಟು. ಮೊದಲು ಕಡ್ಡಿ ನೋಡುವ."

ಸಮತಟ್ಟು ಜಾಗದಲ್ಲಿ ಗಾಡಿ ನಿಲ್ಲಿಸಿ, ಎಂಜಿನ್ ಬಂದ್ ಮಾಡಿ, ಆಯಿಲ್ ಇಳಿಯಲು ಹತ್ತು ನಿಮಿಷ ಬಿಟ್ಟು ಡಿಪ್‌ಸ್ಟಿಕ್ ಎಳೆದರು. ಆಯಿಲ್ ಕಡಿಮೆ ಇರಬಹುದೆಂದು ನಾನು ಕಾದಿದ್ದೆ. ಮೇಲಿನ ಗೀಟನ್ನೂ ದಾಟಿತ್ತು. ಮೇಸ್ತ್ರಿ ಕಡ್ಡಿಯನ್ನು ಮೂಗಿನ ಹತ್ತಿರ ಹಿಡಿದು ನನಗೂ ಕೊಟ್ಟರು. ಡೀಸೆಲ್ ವಾಸನೆ. ಆಯಿಲಿನ ಮಟ್ಟ ತಾನಾಗಿ ಏರುವುದು ಇಳಿಯುವುದಕ್ಕಿಂತ ಕೆಟ್ಟ ಸೂಚನೆ ಎಂದರು. ಏರಬೇಕಾದರೆ ಒಳಗೆ ಬೇರೆ ಏನೋ ಸೇರುತ್ತಿರಬೇಕು. ನೀರು ಸೇರಿದ್ದರೆ ಆಯಿಲ್ ಹಾಲು ಬೆರೆಸಿದ ಬಣ್ಣಕ್ಕೆ ತಿರುಗುತ್ತದೆ, ಡೀಸೆಲ್ ಸೇರಿದ್ದರೆ ಕಪ್ಪಾಗಿಯೇ ಇದ್ದು ತೆಳ್ಳಗಾಗುತ್ತದೆ. ನೀವು ಹಾಕಿಸಿದ ದಪ್ಪ ಆಯಿಲ್ ಎರಡು ಬೆರಳಿನ ನಡುವೆ ಉಜ್ಜಿದರೆ ನೀರಿನ ಹಾಗೆ ಜಾರುತ್ತಿತ್ತು.

ಆಮೇಲೆ ಗೇಜ್. ಸ್ವಿಚ್ ಬಿಚ್ಚಿ ಅದೇ ತೂತಿಗೆ ಅಡಾಪ್ಟರ್ ಕೂರಿಸಿ, ಕೊಳವೆ ಎಳೆದು, ಮುಳ್ಳಿನ ಗೇಜನ್ನು ಬಾನೆಟ್ ಮೇಲೆ ಇಟ್ಟರು. ಡ್ಯಾಶ್‌ಬೋರ್ಡಿನ ವಿದ್ಯುತ್ ಗೇಜನ್ನಾಗಲಿ ದೀಪವನ್ನಾಗಲಿ ಅವರು ಪ್ರಮಾಣವೆಂದು ಎಣಿಸುವುದಿಲ್ಲ. ಸ್ವಿಚ್ಚು ಕೆಡಬಹುದು, ತಂತಿ ತಿಕ್ಕಿ ಬಾಡಿಗೆ ತಾಗಬಹುದು. ಹಾಗಾಗಿದ್ದರೆ ಕೆಲವು ನೂರು ರೂಪಾಯಿಯ ಸ್ವಿಚ್ಚಿನಲ್ಲೋ ಒಂದು ತುಂಡು ಟೇಪಿನಲ್ಲೋ ಪ್ರಕರಣ ಮುಗಿಯುತ್ತದೆ. ತಣ್ಣಗಿನ ಎಂಜಿನ್ನಿನಲ್ಲಿ 48 ಪೌಂಡ್ ಬಂತು. ಅಷ್ಟರಲ್ಲೇ ತೃಪ್ತಿಪಟ್ಟು ಗೇಜ್ ಬಿಚ್ಚುವವರು ಬಹಳ. ತಣ್ಣಗಿದ್ದಾಗ ಆಯಿಲ್ ದಪ್ಪ ಇರುತ್ತದೆ, ಸವೆದ ಎಂಜಿನ್ನೂ ಆಗ ಚೆನ್ನಾಗಿಯೇ ತೋರಿಸಬಹುದು. ಮೇಸ್ತ್ರಿ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಏರು ರಸ್ತೆಯಲ್ಲಿ ಒಂದು ಸುತ್ತು ಹೊಡೆಸಿ, ಎಂಜಿನ್ ಪೂರ್ತಿ ಕಾದ ಮೇಲೆ ಮತ್ತೆ ನೋಡಿದರು. ಐಡ್ಲಿಂಗಿನಲ್ಲಿ 4 ಪೌಂಡ್. 2500 ಆರ್‌ಪಿಎಂಗೆ ಏರಿಸಿದಾಗ 17.

ಮುಳ್ಳು ಎಲ್ಲಿ ನಿಂತಿತು ಎಂಬುದಕ್ಕಿಂತ ಹೇಗೆ ಓಡಾಡಿತು ಎಂಬುದನ್ನು ಅವರು ಹೆಚ್ಚು ನೋಡುತ್ತಾರೆ. ನಿಮಗೆ ಮುಂದೆ ಉಪಯೋಗಕ್ಕೆ ಬರಲಿ ಎಂದು ಬರೆಯುತ್ತೇನೆ. ಬಿಸಿ ಐಡ್ಲಿಂಗಿನಲ್ಲಿ ತೀರಾ ಕಡಿಮೆ, ವೇಗ ಏರಿಸಿದರೆ ಏರುತ್ತದೆ ಆದರೆ ಸಾಕಷ್ಟು ಏರುವುದಿಲ್ಲ ಎಂದರೆ ಆಯಿಲ್ ತೆಳ್ಳಗಾಗಿರಬೇಕು, ಇಲ್ಲವೇ ಬೇರಿಂಗು ಅಥವಾ ಪಂಪು ಸವೆದಿರಬೇಕು. ತಣ್ಣಗಿರಲಿ ಬಿಸಿಯಿರಲಿ, ಎಲ್ಲ ವೇಗದಲ್ಲೂ ಒಂದೇ ಸಮ ಕಡಿಮೆ ಎಂದರೆ ರಿಲೀಫ್ ವಾಲ್ವಿನ ಕಡೆ ತಿರುಗಬೇಕು. ಒಂದು ಸ್ಪ್ರಿಂಗು ತುಂಡಾಗಿದ್ದರೂ, ಒಂದು ಕಣ ಕಸ ಕೂತು ವಾಲ್ವ್ ತೆರೆದೇ ಉಳಿದಿದ್ದರೂ ಹಾಗಾಗುತ್ತದೆ, ಬೇರಿಂಗು ಬಿಚ್ಚುವ ಅಗತ್ಯವೇ ಬೀಳುವುದಿಲ್ಲ. ಚೆನ್ನಾಗಿ ಏರಿ, ಜೋರಾಗಿ ಓಡಿಸುತ್ತ ಹೋದಂತೆ ಕುಸಿದರೆ ಚೇಂಬರಿನೊಳಗಿನ ಸ್ಟ್ರೇನರ್ ಕೆಸರು ಕಟ್ಟಿ ಪಂಪಿಗೆ ಉಸಿರುಗಟ್ಟುತ್ತಿದೆ. ಮುಳ್ಳು ನಡುಗುತ್ತಿದ್ದರೆ ಪಂಪು ಆಯಿಲಿನ ಜೊತೆ ಗಾಳಿ ಎಳೆಯುತ್ತಿದೆ: ಹೀರುವ ಕೊಳವೆಯ ಜೋಡಣೆ ಸಡಿಲ, ಅಥವಾ ಕೊಳವೆಯೇ ಬಿರುಕು. ತಿರುವಿನಲ್ಲಿ, ಏರಿನಲ್ಲಿ ಮಾತ್ರ ಬಿದ್ದರೆ ಬಹುಪಾಲು ಆಯಿಲ್ ಮಟ್ಟ ಕಡಿಮೆ. ಫಿಲ್ಟರನ್ನು ಎಲ್ಲರೂ ಮೊದಲು ದೂರುತ್ತಾರೆ, ಆದರೆ ಅದು ಕಟ್ಟಿಕೊಂಡರೂ ಒಳಗಿನ ಬೈಪಾಸ್ ವಾಲ್ವ್ ಆಯಿಲನ್ನು ಸೋಸದೆಯೇ ಬಿಡುವುದರಿಂದ ದೀಪ ಹತ್ತುವುದು ಅಪರೂಪ. ಬೆಳಿಗ್ಗೆ ಸ್ಟಾರ್ಟ್ ಮಾಡಿದ ಮೇಲೆ ದೀಪ ಆರಲು ಹೊತ್ತು ಹಿಡಿಯುತ್ತಿದ್ದರೆ ಮಾತ್ರ ಫಿಲ್ಟರನ್ನು ಸಂಶಯಿಸಬೇಕು. ರಾತ್ರಿ ಆಯಿಲ್ ಕೆಳಗೆ ಇಳಿಯದಂತೆ ತಡೆಯುವ ರಬ್ಬರ್ ಅದರಲ್ಲಿ ಗಟ್ಟಿಯಾಗಿರುತ್ತದೆ.

ನೀವು ನಂಬಿದ ದಪ್ಪ ಆಯಿಲಿನ ವಿಷಯ. ದಪ್ಪ ಆಯಿಲ್ ಸಂದಿನಿಂದ ನಿಧಾನ ಹೊರಬೀಳುತ್ತದೆ, ಹಾಗಾಗಿ ಗೇಜಿನ ಮುಳ್ಳು ಮೇಲೇರುತ್ತದೆ, ಇದು ನಿಜ. 100 ಡಿಗ್ರಿ ಸೆಲ್ಸಿಯಸ್ಸಿನಲ್ಲಿ 40 ಗ್ರೇಡಿನ ಆಯಿಲ್ 12.5ರಿಂದ 16.3 ಸೆಂಟಿಸ್ಟೋಕ್ಸ್ ಇರುತ್ತದೆ, 50 ಗ್ರೇಡಿನದು ಅಲ್ಲಿಂದ ಮುಂದೆ 21.9ರವರೆಗೆ. ಸವೆದ ಎಂಜಿನ್ನಿಗೆ 15ಡಬ್ಲ್ಯೂ40 ಬಿಟ್ಟು 20ಡಬ್ಲ್ಯೂ50 ಹಾಕುವುದನ್ನು ನಾನು ಅಪರಾಧ ಎನ್ನುವುದಿಲ್ಲ. ಕಾರಣ ತಿಳಿದು, ಗೇಜ್ ನೋಡಿ, ಸ್ವಲ್ಪ ಕಾಲ ನೂಕಲು ಅನುಭವಸ್ಥ ಮೇಸ್ತ್ರಿಗಳು ಅದನ್ನು ಮಾಡುತ್ತಾರೆ. ಕಾರಣವನ್ನೇ ಹುಡುಕದೆ ಹಾಕಿದರೆ ಅದು ದೀಪಕ್ಕೆ ಮದ್ದಾಗುತ್ತದೆ, ಎಂಜಿನ್ನಿಗಲ್ಲ. ಒಳಗೆ ಡೀಸೆಲ್ ಸೋರುತ್ತಲೇ ಇರುವಾಗ 50 ಗ್ರೇಡಿನ ಆಯಿಲ್ ಎಷ್ಟು ವಾರ 50 ಆಗಿ ಉಳಿದೀತು? ದೀಪ ಮತ್ತೆ ಮಿಣುಕಿತು. ಆಗ ನೀವು ತಂತಿಗೆ ಕೈಹಾಕಿದಿರಿ.

ಈಗ ಎಂಜಿನ್ನಿನ ಕಥೆ. ಅದು ಪೂಜೊ ಎಕ್ಸ್‌ಡಿಪಿ 4.90, 1980ರ ದಶಕದಿಂದ ಮಹೀಂದ್ರ ಜೀಪುಗಳಲ್ಲಿ ಬಂದ ಡೀಸೆಲ್. ನಾಲ್ಕು ಸಿಲಿಂಡರ್, 90 ಮಿಲಿಮೀಟರ್ ಬೋರ್, 2112 ಸಿಸಿ. ಟರ್ಬೊ ಇಲ್ಲ, ಎಲೆಕ್ಟ್ರಾನಿಕ್ಸ್ ಇಲ್ಲ. ನಮ್ಮ ಕಡೆ ಕೆಸರಿನಲ್ಲಿ, ಏರಿನಲ್ಲಿ ದುಡಿದ ಎಂಜಿನ್ನು. ಬಿಡಿಭಾಗಗಳು ಇಂದಿಗೂ ಸಿಗುತ್ತವೆ, ಬಿಚ್ಚಿ ಕಟ್ಟಬಲ್ಲವರು ಇನ್ನೂ ಇದ್ದಾರೆ. ಇಂಥ ಎಂಜಿನ್ನಿಗೆ ಆಯಸ್ಸು ಮುಗಿಯಿತು ಎಂದು ಹೇಳುವ ಮೊದಲು ಸಾಕ್ಷಿ ಬೇಕು, ಅದರ ಮೇಲೆ ನನಗೆ ಅಷ್ಟು ಪ್ರೀತಿ ಇದೆ.

ಫಿಲ್ಟರನ್ನು ಸುತ್ತಲೂ ಕತ್ತರಿಸಿ, ಒಳಗಿನ ಕಾಗದದ ಮಡಿಕೆಗಳನ್ನು ಬಿಡಿಸಿ ಬಿಸಿಲಿಗೆ ಹಿಡಿದೆವು. ಮಿರಮಿರ ಹೊಳೆಯುವ ಹುಡಿ. ಅಯಸ್ಕಾಂತಕ್ಕೆ ಹತ್ತಲಿಲ್ಲ, ಅಂದರೆ ಉಕ್ಕಲ್ಲ, ಬೇರಿಂಗಿನ ಲೋಹ. ಅದನ್ನು ನೋಡಿದ ಮೇಲೇ ಮೇಸ್ತ್ರಿ ಚೇಂಬರ್ ಇಳಿಸಲು ಒಪ್ಪಿದ್ದು. ಪಂಪನ್ನು ಫೀಲರ್ ಗೇಜಿನಿಂದ ಅಳೆದರು, ಪರವಾಗಿಲ್ಲ. ರಿಲೀಫ್ ವಾಲ್ವ್ ಸಲೀಸಾಗಿ ಓಡಾಡುತ್ತಿತ್ತು. ಸ್ಟ್ರೇನರಿನಲ್ಲಿ ಅಲ್ಪಸ್ವಲ್ಪ ಕೆಸರು. ಬಿಗ್ ಎಂಡ್ ಕ್ಯಾಪುಗಳನ್ನು ಒಂದೊಂದಾಗಿ ಬಿಚ್ಚಿದಾಗ ಬೇರಿಂಗ್ ಅರ್ಧಗಳು ಕೈಗೆ ಬಂದವು. ಅವುಗಳ ಮೈಯಲ್ಲಿ ಮೂರು ಪದರ ಇರುತ್ತವೆ: ಬೆನ್ನಿಗೆ ಉಕ್ಕು, ನಡುವೆ ತಾಮ್ರದ ಮಿಶ್ರಲೋಹ, ಮೇಲೆ ಬೂದುಬಣ್ಣದ ಮೆತ್ತನೆಯ ಲೇಪ. ಆ ಲೇಪ ಒಂದು ಮಿಲಿಮೀಟರಿನ ನಲವತ್ತನೇ ಒಂದು ಭಾಗದಷ್ಟಿದ್ದರೆ ಹೆಚ್ಚು. ರಾಡಿನ ಕಡೆಯ ಅರ್ಧ, ಸಿಲಿಂಡರಿನಲ್ಲಿ ಡೀಸೆಲ್ ಸಿಡಿದಾಗಿನ ಪೆಟ್ಟು ತಿನ್ನುವ ಅರ್ಧ, ನಾಲ್ಕರಲ್ಲೂ ತಾಮ್ರದ ಕೆಂಪು ತೋರಿಸುತ್ತಿತ್ತು. ಕ್ರ್ಯಾಂಕಿನ ಮೈಮೇಲೆ ಉಗುರು ಓಡಿಸಿದರೆ ಗೀರು ತಾಗುತ್ತಿತ್ತು.

ಡೀಸೆಲ್ ಎಲ್ಲಿಂದ ಬಂತು ಎಂಬುದು ಉಳಿದ ಪ್ರಶ್ನೆ. ನಾಲ್ಕೂ ಇಂಜೆಕ್ಟರುಗಳನ್ನು ಬಿಚ್ಚಿ ಡೀಸೆಲ್ ಪಂಪ್ ರಿಪೇರಿಯವರ ಹತ್ತಿರ ಒಯ್ದರು. ಪರೀಕ್ಷೆಯ ಯಂತ್ರಕ್ಕೆ ಕಟ್ಟಿ ಕೈಯಿಂದ ಒತ್ತಿದಾಗ ಮೂರು ನಾಜಲ್ಲುಗಳು ಕಿರ್ರೆಂದು ಹೊಗೆಯಷ್ಟು ನವಿರಾಗಿ ಸಿಂಪಡಿಸಿದವು. ನಾಲ್ಕನೆಯದರ ತುದಿಯಲ್ಲಿ ಹನಿ ಕಟ್ಟಿ ತೊಟ್ಟಿಕ್ಕಿತು. ಉರಿಯದ ಆ ಡೀಸೆಲ್ ಸಿಲಿಂಡರಿನ ಗೋಡೆ ತೊಳೆದು, ಪಿಸ್ಟನ್ ರಿಂಗುಗಳನ್ನು ದಾಟಿ ಚೇಂಬರಿಗೆ ಇಳಿದಿದೆ. ಆಯಿಲ್ ತೆಳ್ಳಗಾಗಿ ಒತ್ತಡ ಬಿದ್ದಿದೆ, ದೀಪ ಮಿಣುಕಿದೆ. ಯಾವುದು ಮೊದಲು ಯಾವುದು ಆಮೇಲೆ ಎಂದು ನೋಡಿದವರು ಯಾರೂ ಇಲ್ಲ, ಇದು ಮೇಸ್ತ್ರಿಯ ತೀರ್ಮಾನ. ಆದರೆ ಏರಿದ ಆಯಿಲ್ ಮಟ್ಟ, ವಾಸನೆ, ತೊಟ್ಟಿಕ್ಕುವ ನಾಜಲ್, ಗಟ್ಟಿಮುಟ್ಟಾಗಿ ಉಳಿದ ಪಂಪು, ಎಲ್ಲ ಬೇರಿಂಗುಗಳಲ್ಲೂ ಒಂದೇ ತೆರನ ಸವೆತ, ಇವೆಲ್ಲ ಒಂದೇ ಕಡೆ ಬೆರಳು ತೋರಿಸುತ್ತವೆ.

ನಿಮ್ಮ ಮನಸ್ಸಿಗೆ ತಾಗಲಿ ಎಂದು ನಾನು ಬಯಸುವುದು ಇದೊಂದು ವಿಷಯ. ದೀಪ ಮೊದಲು ಮಿಣುಕಿದ ದಿನ ನಿಮ್ಮ ಜೀಪಿಗೆ ಬೇಕಾಗಿದ್ದದ್ದು ಒಂದು ನಾಜಲ್, ಹೊಸ ಆಯಿಲ್, ಹೊಸ ಫಿಲ್ಟರ್. ಬೆಳಿಗ್ಗೆ ಗ್ಯಾರೇಜಿಗೆ ಬಿಟ್ಟರೆ ಸಂಜೆಗೆ ಮನೆಗೆ ತರಬಹುದಾದ ಕೆಲಸ. ಬೇರಿಂಗಿನ ಲೇಪ ಆಗ ಇನ್ನೂ ಇದ್ದೀತು. ದೀಪವನ್ನು ನೀವು ವೈರಿ ಎಂದುಕೊಂಡಿರಿ. ಈಗ ಕ್ರ್ಯಾಂಕನ್ನು ಶಿವಮೊಗ್ಗಕ್ಕೆ ಒಯ್ದು 0.25 ಮಿಲಿಮೀಟರ್ ಗ್ರೈಂಡಿಂಗ್ ಮಾಡಿಸಿ, ಆ ಅಳತೆಗೆ ಹೊಂದುವ ಬಿಗ್ ಎಂಡ್, ಮೈನ್ ಬೇರಿಂಗುಗಳನ್ನು ಹಾಕಿಸಬೇಕಾಯಿತು. ಆಯಿಲ್ ಹರಿಯುವ ಒಳದಾರಿಗಳನ್ನೆಲ್ಲ ಸೀಮೆಎಣ್ಣೆ ಹಾಕಿ ಬ್ರಷ್ ಎಳೆದು ಗಾಳಿ ಹೊಡೆದು ತೊಳೆದರು. ಗ್ರೈಂಡಿಂಗಿನ ಹುಡಿ ಒಂದು ಚಿಟಿಕೆ ಉಳಿದರೂ ಹೊಸ ಬೇರಿಂಗು ತಿಂಗಳು ಬಾಳುವುದಿಲ್ಲ. ಕಟ್ಟಿದ ಮೇಲೆ ಡೀಸೆಲ್ ಬಂದ್ ಇಟ್ಟು, ಗೇಜಿನ ಮುಳ್ಳು ಏಳುವವರೆಗೆ ಬರೀ ಸ್ಟಾರ್ಟರಿನಲ್ಲಿ ತಿರುಗಿಸಿದರು. ಆಮೇಲೆ ಸ್ಟಾರ್ಟ್ ಮಾಡಿದರು. ಬಿಸಿ ಐಡ್ಲಿಂಗಿನಲ್ಲಿ 22 ಪೌಂಡ್, 2500ಕ್ಕೆ 52. ಆಯಿಲ್ ಸಾಧಾರಣ 15ಡಬ್ಲ್ಯೂ40. ಕತ್ತರಿಸಿದ ತಂತಿಯನ್ನು ಬೆಸುಗೆ ಹಾಕಿ ದೀಪಕ್ಕೆ ಸೇರಿಸಿದ್ದಾರೆ, ಅದರ ಪಕ್ಕದಲ್ಲಿ ಒಂದು ಮುಳ್ಳಿನ ಗೇಜನ್ನೂ ಕೂರಿಸಿದ್ದಾರೆ.

ಹಣದ ಮಾತು ಅಲ್ಲಿಗೆ ಮುಗಿಯಿತು. ನನ್ನ ನಿದ್ದೆ ಕೆಡಿಸಿದ್ದು ಬೇರೆ. ಬೇರಿಂಗು ಕಚ್ಚಿಕೊಂಡು ಎಂಜಿನ್ ಸೀಜ್ ಆಗುವುದಕ್ಕೆ ಜಾಗ, ಹೊತ್ತು ಎಂದಿಲ್ಲ. ಗೇರಿನಲ್ಲಿ ಇರುವಾಗ ಹಾಗಾದರೆ ಎಂಜಿನ್ನಿಗೆ ಸೇರಿದ ಚಕ್ರಗಳು ಅಲ್ಲೇ ಹಿಡಿದುಕೊಳ್ಳಬಹುದು. ಬ್ರೇಕಿಗೆ ವ್ಯಾಕ್ಯೂಮ್ ಬೂಸ್ಟರ್ ಇರುವ ಡೀಸೆಲ್ ಗಾಡಿಯಲ್ಲಿ ಆ ವ್ಯಾಕ್ಯೂಮನ್ನು ಹುಟ್ಟಿಸುವುದೇ ಓಡುತ್ತಿರುವ ಎಂಜಿನ್ನು. ಅದು ನಿಂತರೆ ಒಂದೆರಡು ಸಲ ಒತ್ತುವಷ್ಟು ಉಳಿದಿರುತ್ತದೆ, ಆಮೇಲೆ ಪೆಡಲ್ ಕಲ್ಲಾಗುತ್ತದೆ. ಆಗುಂಬೆ ಘಾಟಿಯ 14 ಹೇರ್‌ಪಿನ್ ತಿರುವುಗಳಲ್ಲಿ ಎಷ್ಟನೆಯದರಲ್ಲಿ ಹೀಗಾಗಬಹುದು ಎಂದು ಯಾರು ಹೇಳುತ್ತಾರೆ? ಕೊಡಚಾದ್ರಿಗೆ ಜನರನ್ನು ಹತ್ತಿಸುವ, ಮಾಂದಲ್‌ಪಟ್ಟಿಗೆ ಪ್ರವಾಸಿಗರನ್ನು ಒಯ್ಯುವ ಜೀಪುಗಳಲ್ಲಿ ಕೂತವರು ಡ್ಯಾಶ್‌ಬೋರ್ಡ್ ನೋಡುವುದಿಲ್ಲ. ಹಿಂದಿನ ಸೀಟಿನಲ್ಲಿ ನನ್ನ ಹೆಂಡತಿ, ಮಗಳು ಕೂತು ತೀರ್ಥಹಳ್ಳಿಯಿಂದ ಉಡುಪಿಗೆ ಇಳಿದ ದಿನವೂ ನಮ್ಮ ಜೀಪಿನ ಆ ದೀಪ ಅಚ್ಚುಕಟ್ಟಾಗಿ ಆರಿತ್ತು.

ಜೀಪು ಮಾರಿದ ಹಣಕ್ಕೆ ಇನ್ನಷ್ಟು ಸೇರಿಸಿ ನೀವು ಒಂದು ಹಳೆ ಪಿಕಪ್ ಕೊಂಡಿದ್ದೀರಿ, ಬೆಳಿಗ್ಗೆ ಅದರಲ್ಲಿ ತೋಟದ ಕೆಲಸದವರನ್ನು ಕರೆತರುತ್ತೀರಿ ಎಂದು ತಿಳಿಯಿತು. ಅದಕ್ಕೂ ಒಬ್ಬ ಹಿಂದಿನ ಮಾಲೀಕ ಇದ್ದಿರುತ್ತಾನೆ. ನಾಳೆ ಬೆಳಿಗ್ಗೆ ದಯವಿಟ್ಟು ಇಷ್ಟು ಮಾಡಿ. ಕೀ ತಿರುಗಿಸಿ, ಸ್ಟಾರ್ಟ್ ಮಾಡಬೇಡಿ. ಆಯಿಲ್ ದೀಪ ಹತ್ತಬೇಕು. ಹತ್ತದಿದ್ದರೆ ಬಲ್ಬ್ ಹೋಗಿದೆ, ಅಥವಾ ಯಾರೋ ತೆಗೆದಿದ್ದಾರೆ. ಹತ್ತಿದರೆ ಎಂಜಿನ್ನಿನ ಬಳಿ ಹೋಗಿ ಸ್ವಿಚ್ಚಿನ ತಂತಿಯನ್ನು ಕಳಚಿ. ದೀಪ ಆರಬೇಕು. ಆರದಿದ್ದರೆ ಆ ತಂತಿ ಎಲ್ಲೋ ಬಾಡಿಗೆ ತಾಗಿದೆ, ಅಥವಾ ದೀಪವನ್ನು ಬೇರೆ ಯಾವುದಕ್ಕೋ ಕಟ್ಟಿದ್ದಾರೆ. ಎರಡರಲ್ಲಿ ಯಾವುದಾದರೂ ಆ ದಿನ ಜನರನ್ನು ಹತ್ತಿಸಿಕೊಳ್ಳಬೇಡಿ. ಮೇಸ್ತ್ರಿಗೆ ನಿಮ್ಮ ವಿಷಯ ಹೇಳಿದ್ದೇನೆ, ಸಿಟ್ಟು ಮಾಡಿಕೊಳ್ಳುವವರಲ್ಲ. ಭಾನುವಾರ ಬಿಟ್ಟು ಯಾವತ್ತು ಹೋದರೂ ಗೇಜ್ ಹಾಕಿ ನೋಡಿಕೊಡುತ್ತಾರೆ. ಗಾಡಿ ಬಿಸಿಯಿರುವಾಗಲೇ ತರಲು ಹೇಳಿದ್ದಾರೆ.

ಇಂತಿ,
ನಿಮ್ಮ ಹಳೆಯ ಜೀಪಿನ ಈಗಿನ ಮಾಲೀಕ